ಫೋನಲ್ಲಿ "ಉಸಿರಿದೆ" ಅಂದರೆ ಎಷ್ಟು ನಂಬಬೇಕು?

ಹೊಸ ಹೆಡ್‌ಸೆಟ್:
ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವ ಕೆಲಸ ನನ್ನದು, ಸೇರಿ ಎಂಟು ತಿಂಗಳಾಯಿತು. ಹೋದ ವಾರ ಒಬ್ಬರು ಕರೆ ಮಾಡಿ ಅಪ್ಪ ಕುಸಿದು ಬಿದ್ದಿದ್ದಾರೆ ಅಂದರು. ಉಸಿರಿದೆಯಾ ಅಂತ ಕೇಳಿದೆ. "ಇದೆ ಇದೆ, ಗೊರಕೆ ಹೊಡೀತಿದ್ದಾರೆ" ಅಂದರು. ಸರಿ, ಮಗ್ಗುಲಿಗೆ ಮಲಗಿಸಿ ಅಂದೆ. ಗಾಡಿ ತಲುಪಿದಾಗ ಹೃದಯ ನಿಂತಿತ್ತು. ನಮಗೆ ಕೊಟ್ಟಿರುವ ಪ್ರಶ್ನೆಗಳ ಕಾರ್ಡಿನಲ್ಲಿ ಇದ್ದದ್ದನ್ನೇ ಕೇಳಿದ್ದೆ, ಆದರೂ ಆ ಗೊರಕೆ ಶಬ್ದ ಕಿವಿಯಿಂದ ಹೋಗುತ್ತಿಲ್ಲ. ನಿಮ್ಮ ಕಡೆ ಇದಕ್ಕೆ ಏನು ಮಾಡ್ತೀರಿ?

ರಾತ್ರಿಪಾಳಿ:
ಆ ಗೊರಕೆ ನನ್ನನ್ನೂ ಒಂದು ಸಲ ಏಮಾರಿಸಿದೆ. ಹೃದಯ ನಿಂತ ಮೇಲೂ ಕೆಲವರು ಸ್ವಲ್ಪ ಹೊತ್ತು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗಾಳಿ ಎಳೆಯುತ್ತಾರೆ, ಗೊರಗೊರ ಅಂತ ಸದ್ದು ಬರುತ್ತದೆ. ಅದು ಉಸಿರಾಟ ಅಲ್ಲ. "ಉಸಿರಿದೆಯಾ" ಅಂದರೆ ಗಾಬರಿಯಲ್ಲಿ ಇರುವವರು ಹೂಂ ಅಂತಲೇ ಅನ್ನುತ್ತಾರೆ, ಅವರಿಗೆ ಬೇಕಾದ ಉತ್ತರ ಅದೇ ಅಲ್ವಾ. "ಮಾಮೂಲಿನಂತೆ ಉಸಿರಾಡ್ತಿದ್ದಾರಾ" ಅಂತ ಕೇಳಿ. ತಡವರಿಸಿದರೆ, ಎದೆ ನೋಡ್ತಾ ಇರಿ, ಮೇಲೆದ್ದಾಗೆಲ್ಲ "ಈಗ" ಅನ್ನಿ ಅಂತ ಹೇಳಿ ಸುಮ್ಮನೆ ಕೇಳಿಸಿಕೊಳ್ಳಿ. ಹೃದಯ ನಿಂತಿದ್ದರೆ ಒಂದು "ಈಗ" ಬಂದು ಇನ್ನೊಂದು ಬೇಗ ಬರುವುದೇ ಇಲ್ಲ.

ಎಚ್ಚರವೂ ಇಲ್ಲ, ಮಾಮೂಲಿ ಉಸಿರೂ ಇಲ್ಲ ಅಂದರೆ ಗಾಡಿ ಕಳಿಸಿ ತಕ್ಷಣ ಎದೆ ಒತ್ತಿಸಿ. ವಯಸ್ಸೆಷ್ಟು, ಶುಗರ್ ಇದೆಯಾ, ಅದೆಲ್ಲ ಆಮೇಲೆ. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5 ಸೆಂಟಿಮೀಟರ್‌ಗೆ ಕಮ್ಮಿ ಇಲ್ಲದಂತೆ, ನೀವೇ ಫೋನಲ್ಲಿ ಒಂದು ಎರಡು ಅಂತ ಎಣಿಸಬೇಕು. ಹೃದಯ ನಿಲ್ಲದವರಿಗೆ ಒತ್ತಿಸಿಬಿಟ್ಟರೆ ಅಂತ ಹೆದರಬೇಡಿ, ಅದರಿಂದ ದೊಡ್ಡ ಪೆಟ್ಟಾಗುವುದು ತೀರಾ ಅಪರೂಪ.

ಹಿಂದಿನ ಸೀಟು:
ಗಾಡಿಯೊಳಗೂ ಇದೇ ಕತೆ. ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು. ನಮ್ಮ ಬ್ಯಾಗಿನಲ್ಲಿ ಅಡ್ರಿನಲಿನ್ ಅನ್ನುವ ತುರ್ತು ಔಷಧ ಎರಡು ಥರ ಇದೆ: 1 ಮಿಲಿಗ್ರಾಂ 1 ಎಂಎಲ್‌ನಲ್ಲಿ ಇರುವ ಆಂಪೂಲ್ (ಪುಟ್ಟ ಗಾಜಿನ ಶೀಷೆ), ಅದೇ 1 ಮಿಲಿಗ್ರಾಂ 10 ಎಂಎಲ್‌ನಲ್ಲಿ ಇರುವ ಸಿರಿಂಜ್. ಕತ್ತಲಲ್ಲಿ "ಅರ್ಧ ಎಂಎಲ್ ಕೊಡು" ಅಂದರೆ ಯಾವುದು ಕೈಗೆ ಸಿಕ್ಕಿತು ಅನ್ನುವುದರ ಮೇಲೆ ಹತ್ತು ಪಟ್ಟು ವ್ಯತ್ಯಾಸ. ಈಗ ನಾವು ಎಂಎಲ್ ಮಾತೇ ಆಡುವುದಿಲ್ಲ. ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಸ್ನಾಯುವಿಗೋ ರಕ್ತನಾಳಕ್ಕೋ, ಅಷ್ಟನ್ನೂ ಬಾಯಿಬಿಟ್ಟು ಹೇಳುತ್ತೇವೆ. ಇನ್ನೊಬ್ಬರು ಲೇಬಲ್ ಓದಿ ತಿರುಗಿ ಹೇಳಿದ ಮೇಲೇ ಸೂಜಿ. ಮೊದಮೊದಲು ನಾಟಕದ ಹಾಗೆ ಅನಿಸುತ್ತಿತ್ತು.

ಹೊಸ ಹೆಡ್‌ಸೆಟ್:
ಥ್ಯಾಂಕ್ಸ್. ಇದನ್ನು ಮೇಲಿನವರಿಗೆ ಬರೆದು ಕೊಡಬೇಕಾ? ನಮ್ಮಲ್ಲಿ ಮೊದಲು ಕೇಳುವುದೇ "ಯಾರ ಶಿಫ್ಟ್" ಅಂತ.

ರಾತ್ರಿಪಾಳಿ:
ಬರೆದು ಕೊಡಿ. "ನಾನು ತಪ್ಪು ಮಾಡಿದೆ" ಅಂತ ಶುರು ಮಾಡಬೇಡಿ, "ಕಾರ್ಡಿನ ಪ್ರಶ್ನೆ ಹೀಗಿದೆ, ಅದಕ್ಕೆ ಇಂಥ ಉತ್ತರ ಬಂತು" ಅಂತ ಬರೆಯಿರಿ. ಕರೆಯ ರೆಕಾರ್ಡಿಂಗನ್ನು ಎಲ್ಲರೂ ಕೂತು ಕೇಳುವಂತಾದರೆ ಇನ್ನೂ ಒಳ್ಳೆಯದು. ಶಿಫ್ಟ್ ಹುಡುಕಿ ಬೈಯುವ ಕಡೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ನಿಮ್ಮ ಪಕ್ಕದ ಕುರ್ಚಿಯವರಿಗೂ ಇದೇ ಗೊರಕೆ ಕೇಳಿಸಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಹೊಸ ಹೆಡ್‌ಸೆಟ್:
ಬರೆದು ಕೊಟ್ಟೆ. ಉತ್ತರ ಬರುವ ತನಕ ನನ್ನ ಕಾರ್ಡಿನಲ್ಲಿ "ಉಸಿರಿದೆಯಾ" ಅನ್ನುವುದರ ಮುಂದೆ ಪೆನ್ನಿನಲ್ಲಿ "ಮಾಮೂಲಿನಂತೆ" ಅಂತ ಸೇರಿಸಿಕೊಂಡಿದ್ದೇನೆ. ಪಕ್ಕದವರು ನೋಡಿ, ಏನೂ ಕೇಳದೆ, ಪೆನ್ನು ಇಸಕೊಂಡರು.