ಶೇಕ್‌ಔಟ್‌ಗೂ ಹೊರೆ ಎತ್ತುವುದಕ್ಕೂ ಏರ್ ಸ್ಪ್ರಿಂಗ್: ಬಳಸಿದವರ ಅನುಭವ

ಪ್ರಶ್ನೆ: ಬೆಳಗಾವಿಯ ನಮ್ಮ ಫೌಂಡ್ರಿಯಲ್ಲಿ ಎರಕದಿಂದ ಮರಳು ಬಿಡಿಸುವ ಶೇಕ್‌ಔಟ್‌ನ ಕಾಯಿಲ್ ಸ್ಪ್ರಿಂಗ್‌ಗಳು ಪದೇ ಪದೇ ತುಂಡಾಗುತ್ತಿವೆ. ಅದರ ಕಂಪನ ಪಕ್ಕದ ತಪಾಸಣೆ ಕೊಠಡಿಯವರೆಗೂ ಬರುತ್ತಿದೆ. ಬದಲಿಗೆ ಏರ್ ಸ್ಪ್ರಿಂಗ್ ಹಾಕಬಹುದೇ? ಕನ್ವೇಯರ್ ಮೇಲಿನ ಮೋಲ್ಡ್ ಬಾಕ್ಸನ್ನು 80 ಮಿ.ಮೀ. ಎತ್ತುವುದಕ್ಕೂ ರಾಡ್ ತಳ್ಳುವ ಸಿಲಿಂಡರ್ ಬದಲು ಇದನ್ನೇ ಬಳಸಬಹುದೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಎರಡಕ್ಕೂ ಬಳಸಬಹುದು, ಆದರೆ ಮೊದಲು ಎತ್ತರವನ್ನು ನಿಶ್ಚಯಿಸಿಕೊಳ್ಳಿ. ಏರ್ ಸ್ಪ್ರಿಂಗ್ ಎಂದರೆ ನೈಲಾನ್ ದಾರದ ಪದರಗಳನ್ನು ಒಳಗೊಂಡ, ಮೇಲೂ ಕೆಳಗೂ ಲೋಹದ ತಟ್ಟೆಗಳಿರುವ ರಬ್ಬರ್ ಬೆಲ್ಲೋ, ಅಂದರೆ ತಿದಿಯಂತೆ ಹಿಗ್ಗಿ ಕುಗ್ಗುವ ಗಾಳಿಚೀಲ. ವೋಲ್ವೋ ಬಸ್ಸಿನ ಅಡಿಯಲ್ಲಿ ಬಗ್ಗಿ ನೋಡಿದರೆ ಕಾಣುವುದು ಇದರ ದಾಯಾದಿಯೇ. ತಯಾರಕರ ಪಟ್ಟಿಯಲ್ಲಿ ಕಂಪನ ತಡೆಯುವ ಕೆಲಸಕ್ಕೆಂದು ಪ್ರತಿ ಬೆಲ್ಲೋಗೂ ಒಂದು ಎತ್ತರವನ್ನು ಕೊಟ್ಟಿರುತ್ತಾರೆ. ಆ ಎತ್ತರದಲ್ಲಿ ಅದು ಹೇಳಿದ ಮಾತು ಕೇಳುತ್ತದೆ, ಅದನ್ನು ಮೀರಿದರೆ ಕೇಳುವುದಿಲ್ಲ.

ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಹಳೆಯ ಕಾಯಿಲ್ ಸ್ಪ್ರಿಂಗ್ ಹೆಚ್ಚು ಎತ್ತರವಿದ್ದುದರಿಂದ, ಡೆಕ್ (ಎರಕವನ್ನಿಟ್ಟು ಅದುರಿಸುವ ಹಾಸು) ಮೊದಲಿನ ಮಟ್ಟದಲ್ಲೇ ಇರಲೆಂದು ಬೆಲ್ಲೋವನ್ನು ಪಟ್ಟಿಯಲ್ಲಿದ್ದುದಕ್ಕಿಂತ ಸುಮಾರು 40 ಮಿ.ಮೀ. ಎತ್ತರಿಸಿ ಗಾಳಿ ತುಂಬಿದೆವು. ಯಂತ್ರ ಓಡುವಾಗ ಎಲ್ಲವೂ ಸರಿಯಿತ್ತು. ನಿಲ್ಲಿಸಿದಾಗ ಮಾತ್ರ ಡೆಕ್ ಅಡ್ಡಡ್ಡ ತೂಗಾಡಿ ಚೌಕಟ್ಟಿಗೆ ಬಡಿಯತೊಡಗಿತು, ಏಕೆಂದರೆ ಎತ್ತರ ಹೆಚ್ಚಿದಷ್ಟೂ ಬೆಲ್ಲೋದ ಅಡ್ಡ ಬಲ ಕುಗ್ಗುತ್ತದೆ. ಕೊನೆಗೆ ಅಡಿಯಲ್ಲಿ ಉಕ್ಕಿನ ಸ್ಟೂಲ್ ವೆಲ್ಡ್ ಮಾಡಿಸಿ, ಬೆಲ್ಲೋವನ್ನು ಅದರ ಎತ್ತರಕ್ಕೇ ಇಳಿಸಿದ ಮೇಲೆ ತೊಂದರೆ ನಿಂತಿತು. ಮೂರು ಉಬ್ಬಿನ (ಒಂದರ ಮೇಲೊಂದು ಮೂರು ಬಳೆಯಂತೆ ಉಬ್ಬಿದ) ಬೆಲ್ಲೋವನ್ನು ಈ ಕೆಲಸಕ್ಕೆ ತರಲೇಬೇಡಿ. ಒಂದು ಅಥವಾ ಎರಡು ಉಬ್ಬಿನದು ಸಾಕು.

ಕಂಪನದ ಲೆಕ್ಕ ಸರಳವಾಗಿದೆ. ಎರಡು ಉಬ್ಬಿನ ಬೆಲ್ಲೋದ ಸಹಜ ಆವರ್ತನ ಸಾಮಾನ್ಯವಾಗಿ 2ರಿಂದ 3 ಹರ್ಟ್ಸ್, ಅಂದರೆ ತಟ್ಟಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎರಡು ಮೂರು ಬಾರಿ ಅದುರುತ್ತದೆ. ನಿಮ್ಮ ಮೋಟಾರ್ 960 ಆರ್‌ಪಿಎಂನದಾದರೆ ಕಂಪನ 16 ಹರ್ಟ್ಸ್. ಸಹಜ ಆವರ್ತನವನ್ನು 2.5 ಎಂದು ಹಿಡಿದರೆ ನೆಲಕ್ಕೆ ದಾಟುವುದು ಶೇ. 2.5ರಷ್ಟು ಮಾತ್ರ, ಅದೇ ಜಾಗದಲ್ಲಿ 10 ಹರ್ಟ್ಸ್‌ನ ರಬ್ಬರ್ ಪ್ಯಾಡ್ ಇಟ್ಟರೆ ಶೇ. 60ಕ್ಕೂ ಹೆಚ್ಚು ದಾಟುತ್ತದೆ. ಆದರೆ ಮೋಟಾರ್ ನಿಲ್ಲುವಾಗ 150 ಆರ್‌ಪಿಎಂ ಆಸುಪಾಸಿನಲ್ಲಿ ಈ ಸಹಜ ಆವರ್ತನವನ್ನು ಹಾದುಹೋಗಲೇಬೇಕು, ಆ ಕೆಲವು ಕ್ಷಣ ಡೆಕ್ ಜೋರಾಗಿ ಕುಣಿಯುತ್ತದೆ. ಆದ್ದರಿಂದ ಮೋಟಾರಿಗೆ ಬ್ರೇಕಿಂಗ್ ವ್ಯವಸ್ಥೆಯನ್ನೂ, ಮೇಲೆ, ಕೆಳಗೆ ಹಾಗೂ ಪಕ್ಕಗಳಲ್ಲಿ ಗಟ್ಟಿಯಾದ ಸ್ಟಾಪರ್‌ಗಳನ್ನೂ ಮೊದಲ ದಿನವೇ ಹಾಕಿಸಿ.

ಫೌಂಡ್ರಿಯಲ್ಲಿ ಇನ್ನೊಂದು ಶತ್ರು ಬಿಸಿ ಮರಳು. ಸಾಮಾನ್ಯ ರಬ್ಬರ್ ಬೆಲ್ಲೋ ತಾಳುವುದು ಸುಮಾರು 57 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಹೆಚ್ಚಿನ ಶಾಖಕ್ಕೆ ಬ್ಯೂಟೈಲ್ ಜಾತಿಯ ರಬ್ಬರಿನದನ್ನು ಕೇಳಿ ತರಿಸಬೇಕು. ನಮ್ಮಲ್ಲಿ ಎರಡು ಉಬ್ಬುಗಳ ನಡುವಿನ ಉಕ್ಕಿನ ಬಳೆಯ ಸಂದಿಯಲ್ಲಿ ಮರಳು ಕೂತು, ಪ್ರತಿ ಅದುರಿಗೂ ರಬ್ಬರನ್ನು ಉಜ್ಜುತ್ತಿತ್ತು. ಒಂದು ದಿನ ಬಟ್ಟೆಯಿಂದ ಒರೆಸಿ ನೋಡಿದರೆ ಕಪ್ಪು ಸವೆದು ಒಳಗಿನ ನೂಲು ಹಲ್ಲಿನಂತೆ ಇಣುಕುತ್ತಿತ್ತು. ನೂಲು ಕಂಡಿತೆಂದರೆ ಆ ಬೆಲ್ಲೋವನ್ನು ಅದೇ ದಿನ ಬದಲಿಸಬೇಕು. ಈಗ ನಾಲ್ಕೂ ಮೂಲೆಗಳಲ್ಲಿ ತಗಡಿನ ಮರೆಯಿದೆ, ಪ್ರತಿ ಪಾಳಿಯ ಕೊನೆಗೆ ಸಂದಿಯನ್ನು ಗಾಳಿ ಊದಿ ಸ್ವಚ್ಛ ಮಾಡುತ್ತೇವೆ. ಎಣ್ಣೆಯೂ ಸಾಮಾನ್ಯ ರಬ್ಬರಿಗೆ ಆಗದು.

ಉತ್ತರ 2: ಎತ್ತುವ ಕೆಲಸದ ಬಗ್ಗೆ ಹೇಳುತ್ತೇನೆ. ಸಿಲಿಂಡರಿನ ರಾಡ್ ಮತ್ತು ಸೀಲ್ ಮರಳಿನಲ್ಲಿ ಗೀರುಬಿದ್ದು ಹಾಳಾಗುತ್ತವೆ. ಬೆಲ್ಲೋಗೆ ರಾಡೂ ಇಲ್ಲ, ಸೀಲೂ ಇಲ್ಲ, ಹೊರೆ ತುಸು ಓರೆಯಾದರೂ ಅದು ಸಹಿಸುತ್ತದೆ. ಆದರೆ ಸಿಲಿಂಡರಿನ ಬಲ ಉದ್ದಕ್ಕೂ ಒಂದೇ ಇರುತ್ತದೆ, ಬೆಲ್ಲೋದ ಬಲ ಮೇಲೇರಿದಂತೆ ಇಳಿಯುತ್ತದೆ. ಕೆಳಗಿರುವಾಗ ಗಾಳಿ ಒತ್ತುವ ಪರಿಣಾಮಕಾರಿ ವಿಸ್ತೀರ್ಣ 330 ಚದರ ಸೆಂ.ಮೀ. ಇದ್ದರೆ 6 ಬಾರ್ ಒತ್ತಡದಲ್ಲಿ ಸುಮಾರು 2,000 ಕೆ.ಜಿ. ಎತ್ತುತ್ತದೆ, ಮೇಲೆ ಹೋಗುತ್ತ ವಿಸ್ತೀರ್ಣ 200ಕ್ಕೆ ಇಳಿದರೆ 1,200 ಕೆ.ಜಿ. ಮಾತ್ರ. ಹೀಗಾಗಿ 80 ಮಿ.ಮೀ. ಮೇಲೇರಿದ ಜಾಗದಲ್ಲಿ ಎಷ್ಟು ಬಲ ಉಳಿಯುತ್ತದೆಂದು ನೋಡಿ ಆಯ್ಕೆ ಮಾಡಿ. ಬೆಲ್ಲೋ ತಾನಾಗಿ ಇಳಿಯುವುದಿಲ್ಲ, ಮೇಲಿನ ತೂಕ ಅದನ್ನು ಒತ್ತಿ ಮಡಿಸಬೇಕು. ಬಾಕ್ಸ್ ಇಡುವ ಮೇಜು ಖಾಲಿಯಿದ್ದಾಗ ಅದರ ತೂಕ ಇದಕ್ಕೆ ಸಾಲದಿದ್ದರೆ ಎಳೆಯುವ ಸ್ಪ್ರಿಂಗ್ ಸೇರಿಸಿ.

ಸುರಕ್ಷತೆಯ ವಿಷಯವನ್ನು ಕೈಮುಗಿದು ಹೇಳುತ್ತೇನೆ. ನಮ್ಮ ಸಹಾಯಕನೊಬ್ಬ ಹೊಸ ಬೆಲ್ಲೋ ಸೋರುತ್ತದೆಯೇ ಎಂದು ನೋಡಲು ಅದನ್ನು ಬೆಂಚಿನ ಮೇಲೆ ಬಿಡಿಯಾಗಿಟ್ಟು ಲೈನಿನ ಗಾಳಿ ಬಿಟ್ಟ. ತಡೆಯುವುದು ಏನೂ ಇಲ್ಲದೆ ಅದು ಮಿತಿ ಮೀರಿ ಚಾಚಿ, ರಬ್ಬರ್ ತಟ್ಟೆಯ ಅಂಚಿನಿಂದ ಕಳಚಿ, ತಟ್ಟೆ ಗೋಡೆಗೆ ಬಡಿಯಿತು. ಆ ದಿಕ್ಕಿನಲ್ಲಿ ಯಾರೂ ನಿಂತಿರಲಿಲ್ಲ. ಎರಡೂ ಕಡೆ ಸ್ಟಾಪರ್ ಇಲ್ಲದೆ ಬೆಲ್ಲೋಗೆ ಗಾಳಿ ಬಿಡಬಾರದು. ಗಾಳಿ ಪೂರ್ತಿ ಹೊರಹೋಗುವ ಮುನ್ನ ಒಂದು ಬೋಲ್ಟನ್ನೂ ಸಡಿಲಿಸಬಾರದು.

ಉತ್ತರ 3: ಶೇಕ್‌ಔಟ್ ಸರಿಯಾದ ಮೇಲೂ ತಪಾಸಣೆ ಕೊಠಡಿಯಲ್ಲಿ ಕಂಪನ ಉಳಿದರೆ ಅಳತೆಯ ಯಂತ್ರದ ಕೆಳಗೂ ಏರ್ ಸ್ಪ್ರಿಂಗ್ ಇಡಬಹುದು. ಆಗ ಮಟ್ಟ ಕಾಯುವ ವಾಲ್ವ್‌ಗಳು ಮೂರೇ ಇರಲಿ, ನಾಲ್ಕನೆಯ ಮೂಲೆಯ ಬೆಲ್ಲೋವನ್ನು ಪಕ್ಕದ್ದಕ್ಕೆ ಪೈಪಿನಿಂದ ಜೋಡಿಸಿ. ನಾಲ್ಕು ವಾಲ್ವ್ ಹಾಕಿದರೆ ಒಂದನ್ನೊಂದು ಎದುರಿಸಿ ಗಾಳಿಯನ್ನು ತುಂಬುತ್ತ ಬಿಡುತ್ತ ಇರುತ್ತವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಶೇಕ್‌ಔಟ್ ಓಡುತ್ತಿರುವಾಗ ಕಂಪ್ರೆಸರ್ ಕೆಟ್ಟು ಗಾಳಿಯ ಒತ್ತಡ ಬಿದ್ದರೆ ಏನಾಗುತ್ತದೆ?

ಉತ್ತರ 1: ಡೆಕ್ ಇಳಿದು ಕೆಳಗಿನ ಸ್ಟಾಪರ್ ಮೇಲೆ ಕೂರುತ್ತದೆ, ಬೆಲ್ಲೋಗೆ ಹಾನಿಯಿಲ್ಲ. ಹಾಗೆ ಕೂತಿರುವಾಗ ಮೋಟಾರ್ ತಿರುಗಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಅದಕ್ಕಾಗಿ ಪ್ರೆಷರ್ ಸ್ವಿಚ್ಚನ್ನು ಸ್ಟಾರ್ಟರಿಗೆ ಜೋಡಿಸಿ, ಒತ್ತಡ ಬಿದ್ದರೆ ಮೋಟಾರ್ ನಿಲ್ಲುವಂತೆಯೂ, ಮತ್ತೆ ಏರುವವರೆಗೆ ಚಾಲೂ ಆಗದಂತೆಯೂ ಮಾಡಿ. ಲೈನಿಗೆ ನಾನ್‌ರಿಟರ್ನ್ ವಾಲ್ವ್ (ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವುದು) ಹಾಕಿದರೆ ಇಳಿಯುವುದೂ ನಿಧಾನವಾಗುತ್ತದೆ. ಭಾನುವಾರದ ರಜೆಯ ನಂತರ ಯಾವ ಮೂಲೆ ಕುಸಿದಿದೆಯೆಂದು ಟೇಪ್ ಹಿಡಿದು ನೋಡಿ, ಅಲ್ಲಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ನಮ್ಮಲ್ಲಿ ಸೋರಿಕೆ ಬೆಲ್ಲೋದಲ್ಲಿ ಸಿಕ್ಕಿದ್ದು ಅಪರೂಪ, ಫಿಟಿಂಗ್‌ಗಳಲ್ಲೇ ಹೆಚ್ಚು.