ಜೀವ ಜೀವವೇ ಅಲ್ವಾ?

ದೊಡ್ಡಪ್ಪ (ಫಾರ್ವರ್ಡ್): ಘೇಂಡಾಮೃಗ, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ, ಎರಡರ ಇಂಗ್ಲಿಷ್ ಹೆಸರಲ್ಲೂ ರೈನೋಸೆರಸ್. ಎರಡಕ್ಕೂ ಮೂಗಿನ ಮೇಲೆ ಕೊಂಬು. ಘೇಂಡಾಮೃಗಕ್ಕೆ ಕಾವಲು, ಕುರುವಾಯಿ ದುಂಬಿಗೆ ಬಲೆ. ಇದು ಯಾವ ನ್ಯಾಯ? ಎಲ್ಲರಿಗೂ ಕಳಿಸಿ.

ಸುಮತಿ ಅತ್ತೆ: ತುಂಬಾ ಚೆನ್ನಾಗಿದೆ ಅಣ್ಣ. ನಮ್ಮ ಭಜನೆ ಗುಂಪಿಗೂ ಕಳಿಸಿದೆ.

ವಿದ್ಯಾ: ಬರೆದವರು ಯಾರು ದೊಡ್ಡಪ್ಪ? ಜಾವಾ ಘೇಂಡಾಮೃಗ ಈಗ ಇಂಡೋನೇಷ್ಯಾದ ಉಜುಂಗ್ ಕುಲೋನ್ ಕಾಡಿನಲ್ಲಿ ಮಾತ್ರ ಇದೆ. ನೂರೂ ಇಲ್ಲ. ವಿಯೆಟ್ನಾಂನಲ್ಲಿ ಉಳಿದಿದ್ದ ಕೊನೆಯದು 2010ರಲ್ಲಿ ಸತ್ತು ಬಿದ್ದಿತ್ತು. ಕಾಲಿನಲ್ಲಿ ಗುಂಡು, ಮೂತಿಯಲ್ಲಿ ಕೊಂಬಿಲ್ಲ.

ದೊಡ್ಡಪ್ಪ: ಯಾರು ಬರೆದರೆ ಏನಮ್ಮಾ? ಜೀವ ಜೀವವೇ. ದೊಡ್ಡದು ಚಿಕ್ಕದು ಅಂತ ಭೇದ ಮಾಡಬಾರದು.

ವಿದ್ಯಾ: ಗಾತ್ರದ ಮಾತಲ್ಲ. ಘೇಂಡಾಮೃಗ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಅದಕ್ಕೇ ವರ್ಷಕ್ಕಿಂತ ಜಾಸ್ತಿ ಹೊರಬೇಕು. ದುಂಬಿ ಹತ್ತಾರು ಮೊಟ್ಟೆ ಇಡುತ್ತದೆ. 2007ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡಿತು, 2013ರಲ್ಲಿ ಹವಾಯಿಯಲ್ಲಿ. ಎರಡೂ ಅದರ ನೆಲವಲ್ಲ. ಬೇರೆ ಕಡೆ ಇದನ್ನು ಹತೋಟಿಯಲ್ಲಿ ಇಟ್ಟಿದ್ದ ವೈರಸ್ ಗುವಾಮಿನ ದುಂಬಿಗೆ ನಾಟಲೇ ಇಲ್ಲ. ಅಲ್ಲಿನ ತೆಂಗಿಗೂ ಜೀವ ಇದೆ ಅಲ್ವಾ?

ಭಾಸ್ಕರ: ಕುರುವಾಯಿ! ರಾತ್ರಿ ದೀಪಕ್ಕೆ ಬಂದು ಗೋಡೆಗೆ ಟಪ್ ಅಂತ ಬಡಿಯುತ್ತಿತ್ತು. ಅಜ್ಜ ಕಬ್ಬಿಣದ ಕೊಕ್ಕೆ ಹಾಕಿ ಸುಳಿಯಿಂದ ಎಳೆದು ತೆಗೆಯುತ್ತಿದ್ದರು. ನಾವು ಕೊಂಬಿಗೆ ದಾರ ಕಟ್ಟಿ ಹಾರಿಸುತ್ತಿದ್ದೆವು.

ಸುಮತಿ ಅತ್ತೆ: ಹೊಸ ಗರಿ ಬಿಚ್ಚಿಕೊಂಡರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇರುತ್ತಿತ್ತು. ಅಜ್ಜ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಪಾಪ.

ಚಿಕ್ಕಪ್ಪ: ಅಣ್ಣ, ಜೀವದ ಮಾತು ಬಂತಲ್ಲ, ನಾನೂ ಹೇಳುತ್ತೇನೆ. ಮಳೆಗೆ ಬಿದ್ದ ತೆಂಗಿನ ಮರವನ್ನು ನೀವು ಬೇಲಿ ಪಕ್ಕ ಹಾಗೇ ಬಿಟ್ಟಿರಿ. ಕುರುವಾಯಿ ಮೊಟ್ಟೆ ಇಡುವುದೇ ಅಂಥ ಕೊಳೆತ ದಿಮ್ಮಿಯಲ್ಲಿ. ನನ್ನ ಹನ್ನೊಂದು ಸಸಿಗಳ ಸುಳಿ ಹೋಯಿತು. ಒಂದು ಮಾತು ಕೇಳಲಿಲ್ಲ ನೀವು.

ದೊಡ್ಡಪ್ಪ: ಮೂರು ವರ್ಷದ ಹಿಂದಿನದು ಈಗ ಯಾಕೆ? ನಾನು ಕಳಿಸಿದ್ದು ಘೇಂಡಾಮೃಗದ ವಿಷಯ.

ವಿದ್ಯಾ: ಹಾಗಾದರೆ ಅದರ ಬಗ್ಗೆಯೇ ಮಾತಾಡೋಣ ದೊಡ್ಡಪ್ಪ. ನಾನು ಬರೆದದ್ದು ಓದಿದಿರಾ?

ದೊಡ್ಡಪ್ಪ: ಓದುತ್ತೇನೆ ತಾಳಮ್ಮ. ಆ ದಿಮ್ಮಿ ಯಾವತ್ತೋ ಮಣ್ಣಾಗಿದೆ, ಅದನ್ನು ಮೊದಲು ಅವನಿಗೆ ಹೇಳು.

ಸುಮತಿ ಅತ್ತೆ: ಇಬ್ಬರೂ ಸುಮ್ನಿರಿ. ಅಮ್ಮನೂ ಈ ಗುಂಪಿನಲ್ಲಿ ಇದ್ದಾರೆ.

ಚಿಕ್ಕಪ್ಪ: ಮಣ್ಣಾಗಿಲ್ಲ. ಮೊನ್ನೆ ನಾನೇ ಒಡೆಸಿದೆ. ಒಳಗೆ ಹೆಬ್ಬೆರಳು ಗಾತ್ರದ ಗೊಣ್ಣೆ ಹುಳು, ಇಪ್ಪತ್ತಮೂರು. ಫೋಟೋ ಹಾಕುತ್ತೇನೆ, ನೋಡಿ.