ಜರ್ಮನ್ ಪೌರತ್ವ ತಗೊಂಡ್ರೆ ಊರಿನ ತೋಟದ ಗತಿ ಏನು?

ಪ್ರಶ್ನೆ: ಮೇಡಂ, ನಮಸ್ಕಾರ. 2020ರಲ್ಲಿ ಬ್ಲೂ ಕಾರ್ಡ್ (ಓದಿದ ಉದ್ಯೋಗಿಗಳಿಗೆ ಕೊಡುವ ಯುರೋಪಿನ ಕೆಲಸದ ಪರವಾನಗಿ) ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದವನು ನಾನು. ಹೊಸ ಕಾನೂನಿನಲ್ಲಿ ಎರಡೂ ದೇಶದ ಪೌರತ್ವ ಇಟ್ಕೋಬಹುದು ಅಂತಾರೆ, ನಿಜವಾ? ಶಿರಸಿ ಹತ್ತಿರ ನಮ್ಮದು ಎರಡೆಕರೆ ಅಡಿಕೆ ತೋಟ ಇದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ. ನಾನು ಪಾಸ್‌ಪೋರ್ಟ್ ಬದಲಿಸಿದರೆ ತೋಟ ಕೈತಪ್ಪುತ್ತೆ ಅಂತ ಅಪ್ಪ ಗಾಬರಿಯಾಗಿದ್ದಾರೆ.

ಉತ್ತರ: ಜರ್ಮನಿ ಬಿಡುತ್ತೆ, ಭಾರತ ಬಿಡಲ್ಲ. 2024ರ ಜೂನ್ 27ರಿಂದ ಇಲ್ಲಿ ಪೌರತ್ವಕ್ಕೆ ಬೇಕಾದ 8 ವರ್ಷದ ವಾಸ 5ಕ್ಕೆ ಇಳಿದಿದೆ, ಹಳೇ ಪೌರತ್ವ ಬಿಡಿ ಅಂತಲೂ ಕೇಳೋದಿಲ್ಲ. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತೆ. ಜರ್ಮನ್ ಪೌರತ್ವದ ಪ್ರಮಾಣಪತ್ರ ಕೈಗೆ ಬಂದ ಮೇಲೆ ಹಳೇ ಪಾಸ್‌ಪೋರ್ಟ್ ಹಿಡಿದು ಪ್ರಯಾಣ ಮಾಡಲೇಬೇಡಿ. ಅದನ್ನು ಕಾನ್ಸುಲೇಟ್‌ಗೆ ಒಪ್ಪಿಸಿ ಓಸಿಐಗೆ, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡಿಗೆ, ಅರ್ಜಿ ಹಾಕಿ. ಅದರಲ್ಲಿ ಜೀವಮಾನದ ವೀಸಾ ಇದೆ, ಮತದ ಹಕ್ಕಿಲ್ಲ.

ಇನ್ನು ತೋಟ. ಅಪ್ಪನಿಗೆ ದಯವಿಟ್ಟು ಸಮಾಧಾನ ಹೇಳಿ. ಕೃಷಿ ಜಮೀನಿನ ವಿಷಯದಲ್ಲಿ ವಿದೇಶಿ ವಿನಿಮಯ ನಿಯಮ ನಿಮಗೆ ಅನ್ವಯ ಆಗಿದ್ದು ನೀವು ಅನಿವಾಸಿ ಆದಾಗಲೇ. ಈಗಲೂ ನೀವು ಕೃಷಿ ಜಮೀನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ. ಓಸಿಐ ಆದಮೇಲೂ ಅಷ್ಟೇ. ಆದರೆ ಅಪ್ಪನ ನಂತರ ವಾರಸುದಾರಿಕೆಯಿಂದ, ಅಥವಾ ಅವರ ಉಯಿಲಿನಿಂದ, ತೋಟ ನಿಮಗೆ ಬರೋದಕ್ಕೆ ಎರಡು ಸ್ಥಿತಿಯಲ್ಲೂ ಅಡ್ಡಿಯಿಲ್ಲ. ಮುಂದೆ ಮಾರೋದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ಹೆದರಿ ಅವಸರದಲ್ಲಿ ದಾನಪತ್ರ ಮಾಡಿಸಿಬಿಟ್ಟರೆ ಅದೇ ತೊಡಕಾಗುತ್ತೆ. ಅಣ್ಣತಮ್ಮಂದಿರ ಹಿಸ್ಸೆ ಇದ್ದರೆ ಶಿರಸಿಯ ವಕೀಲರಿಗೆ ಕಾಗದ ತೋರಿಸಿ ಮುಂದುವರಿಯಿರಿ.

ಅಪ್ಪ ಅಮ್ಮನ ಜೊತೆ ವರ್ಷಗಟ್ಟಲೆ ಇರಬೇಕಾಗಬಹುದು ಅನಿಸಿದರೆ ಇನ್ನೊಂದು ಲೆಕ್ಕ ಹಾಕಿ. ಬ್ಲೂ ಕಾರ್ಡ್‌ನವರಿಗೆ 27 ತಿಂಗಳಿಗೆ, ಬಿ1 ಮಟ್ಟದ (ಮಧ್ಯಮ ಹಂತದ) ಜರ್ಮನ್ ಇದ್ದರೆ 21 ತಿಂಗಳಿಗೇ, ಕಾಯಂ ವಾಸದ ಪರವಾನಗಿ ಸಿಗುತ್ತೆ. ಭಾರತದ ಪಾಸ್‌ಪೋರ್ಟ್ ಹಾಗೇ ಉಳಿಯುತ್ತೆ. ಆದರೆ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಆ ಪರವಾನಗಿ ರದ್ದಾಗಬಹುದು. ಪೌರತ್ವಕ್ಕೆ ಆ ಭಯ ಇಲ್ಲ. ನನ್ನನ್ನು ಕೇಳಿದರೆ, ಊರಿನ ಮನೆಯ ಜವಾಬ್ದಾರಿ ಹೆಗಲ ಮೇಲಿರೋರಿಗೆ ಇದೇ ದೊಡ್ಡ ಪ್ರಶ್ನೆ.

ಪ್ರಶ್ನೆ: ಮೇಡಂ, ನಾನು ಅವರ ಹೆಂಡತಿ. ಬ್ಲೂ ಕಾರ್ಡ್ ಕುಟುಂಬ ಅಂತ ನನಗೆ ಭಾಷೆ ಪರೀಕ್ಷೆ ಇಲ್ಲದೆ ವೀಸಾ ಸಿಕ್ಕಿತ್ತು, ಆಮೇಲೆ ಕಲಿಯಲೇ ಇಲ್ಲ. ಮೊನ್ನೆ ಮಗಳ ಕಿಟಾ (ಶಿಶುವಿಹಾರ) ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಫೋಟೋ ತೆಗೆದು ಇವರಿಗೆ ಕಳಿಸಿದೆ. ಇವರು ಮೀಟಿಂಗಲ್ಲಿದ್ದರು, ಉತ್ತರ ಬಂದಿದ್ದು ಸಂಜೆ. ಮಕ್ಕಳ ತಲೆಯಲ್ಲಿ ಹೇನು ಕಂಡಿವೆ, ನೋಡಿಕೊಳ್ಳಿ ಅಂತ ಬರೆದಿದ್ದರಂತೆ. ಅಷ್ಟೂ ಹೊತ್ತು ಏನಾಯ್ತೋ ಅಂತ ಒದ್ದಾಡಿದೆ. ನನಗೂ ಬಿ1 ಬೇಕೇಬೇಕಾ?

ಉತ್ತರ: ಪೌರತ್ವ ಬೇಕಿದ್ದರೆ ಬೇಕು ತಾಯಿ. ಜೊತೆಗೆ ಪೌರತ್ವ ಪರೀಕ್ಷೆ: 33 ಪ್ರಶ್ನೆ, 17 ಸರಿಯಾದರೆ ಪಾಸು. 310 ಪ್ರಶ್ನೆಗಳ ಪಟ್ಟಿ ಮೊದಲೇ ಪ್ರಕಟವಾಗಿರೋದರಿಂದ ಅದು ಕಷ್ಟವಲ್ಲ. ಸಮಯ ತಗೊಳ್ಳೋದು ಭಾಷೆ. ಹೊರಗಿನಿಂದ ಬಂದವರಿಗಾಗಿ ಇರುವ ಏಕೀಕರಣ ಕೋರ್ಸಿನಲ್ಲಿ ಸಾಮಾನ್ಯವಾಗಿ ಭಾಷೆಗೆ 600 ಪಾಠದ ಅವಧಿ, ದೇಶದ ಇತಿಹಾಸ-ಕಾನೂನಿಗೆ 100. 3 ವರ್ಷಕ್ಕೇ ಪೌರತ್ವ ಕೊಡುವ ಅವಸರದ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ಮುಚ್ಚಿದ್ದಾರೆ. ಸಾಮಾನ್ಯವಾಗಿ 5 ವರ್ಷ ಕಾಯಬೇಕು, ಆ ಸಮಯವನ್ನು ಭಾಷೆಗೆ ಕೊಡಿ.

ಒಂದು ಮಾತು. 1974ರೊಳಗೆ ಕೂಲಿಗೆ ಅಂತ ಕರೆಸಿಕೊಂಡ ಟರ್ಕಿ, ಇಟಲಿಯವರಿಗೆ ಯಾರೂ ಭಾಷೆ ಕಲಿಸಲಿಲ್ಲ. ಅರ್ಧ ಶತಮಾನದ ನಂತರ ಇದೇ 2024ರ ಕಾನೂನು ಅವರಿಗೆ ದಿನನಿತ್ಯ ಮಾತಾಡುವಷ್ಟು ಬಂದರೆ ಸಾಕು, ಪರೀಕ್ಷೆ ಬೇಡ ಅಂದಿದೆ. ಅಷ್ಟು ವರ್ಷ ಅವರ ಹೆಂಡತಿಯರು ಡಾಕ್ಟರ ಮುಂದೆ ಮಕ್ಕಳನ್ನೇ ದುಭಾಷಿ ಮಾಡಿಕೊಂಡು ಕೂತರು. ನಿಮ್ಮ ಮಗಳ ಮೇಲೆ ಆ ಹೊರೆ ಬೀಳೋದು ಬೇಡ. ನಿಮ್ಮೂರಿನ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಕ್ಸ್‌ಹೋಖ್‌ಶೂಲೆಗೆ ಹೋಗಿ, ಯಾವ ಹಂತದಿಂದ ಶುರು ಅಂತ ನೋಡುವ ಪರೀಕ್ಷೆಗೆ ಹೆಸರು ಕೊಡಿ. ಸಂಜೆ ಬ್ಯಾಚ್ ಇದೆಯಾ ಕೇಳಿ, ಆ ಹೊತ್ತಿಗೆ ಮಗಳನ್ನು ಯಜಮಾನರು ನೋಡಿಕೊಳ್ಳಲಿ.